ಆರನೆಯ ವಾಷರ್

ಕಳೆದ ಮಂಗಳವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಮಲಾಡಿನ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಇದ್ದವರು ಮೂವರು: ನಾನು, ವಾಚ್‌ಮನ್, ನೀರಿನ ಟ್ಯಾಂಕರಿನ ಡ್ರೈವರ್. ಎರಡು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಸೊಸೈಟಿಯಲ್ಲಿ ನೀರಿನ ಉಸ್ತುವಾರಿ ನನ್ನದು. ಆರೂವರೆಗೆ ಬರಬೇಕಾದ ಟ್ಯಾಂಕರ್ ನಲವತ್ತು ನಿಮಿಷ ತಡವಾಗಿ ಬಂತು. ಬೈಯಬೇಕೆಂದು ಹೋದವನು ಇಂಜಿನ್ನಿಗೆ ಕಿವಿಗೊಟ್ಟೆ. ಲಾರಿ ನಿಂತಲ್ಲೇ ನಡುಗುತ್ತಿತ್ತು. ಇಂಜಿನ್ನಿನ ಸದ್ದು ಐದು ಹೆಜ್ಜೆ ಸರಿಯಾಗಿ ಇಟ್ಟು ಆರನೆಯದಕ್ಕೆ ಎಡವುತ್ತಿತ್ತು. ಹಿಂದಿನಿಂದ ಬಿಳಿ ಹೊಗೆ. ಅದರಲ್ಲಿ ಹಸಿ ಡೀಸೆಲಿನ ವಾಸನೆ, ಕಣ್ಣು ಉರಿಸುವಂಥದ್ದು.

ಉರಿದ ಡೀಸೆಲಿನ ವಾಸನೆ ಮುಂಬಯಿಯಲ್ಲಿ ಯಾರಿಗೂ ಹೊಸದಲ್ಲ. ಉರಿಯದೆ ಹಾಗೇ ಹೊರಬಂದ ಡೀಸೆಲಿನ ವಾಸನೆ ಬೇರೆ. ಅದು ಮೂಗಿಗೆ ಬಂದರೆ ನನಗೆ ಒಬ್ಬರೇ ನೆನಪಾಗುತ್ತಾರೆ... ನಮ್ಮ ಪಂಪ್ ಮಿಸ್ತ್ರಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಫೌಜಿನ ವರ್ಕ್‌ಶಾಪಿನಿಂದ ನಿವೃತ್ತನಾಗಿ, ಆಂಟಾಪ್ ಹಿಲ್ಲಿನಲ್ಲಿ ಒಂದು ಲಾರಿ ಕಂಪನಿಯ ಗ್ಯಾರೇಜಿಗೆ ಸೂಪರ್‌ವೈಸರ್ ಆಗಿ ಸೇರಿದ್ದೆ. ಮಲಾಡಿನಿಂದ ಆರು ಹನ್ನೆರಡರ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ಬಸ್ಸು ಹಿಡಿದರೆ ಏಳೂವರೆಗೆ ಗ್ಯಾರೇಜಿನ ಗೇಟು. ನಾನು ಹೋದಾಗ ಅಲ್ಲಿ ಯಾವ ಪಾನಾ, ಅಂದರೆ ಸ್ಪ್ಯಾನರ್, ಯಾರ ಬಳಿ ಇದೆಯೆಂದು ದೇವರಿಗೂ ತಿಳಿದಿರಲಿಲ್ಲ. ಮೂರು ತಿಂಗಳಲ್ಲಿ ಸರಿಪಡಿಸಿದೆ. ಪಾನಾಗಳಿಗೆ ಒಂದು ಹಲಗೆ, ಹಲಗೆಯ ಮೇಲೆ ಪ್ರತಿಯೊಂದರ ಆಕಾರಕ್ಕೆ ಬಿಳಿ ಗೆರೆ. ಬಿಡಿಭಾಗಗಳಿಗೆ ರಿಜಿಸ್ಟರ್. ಯಾರು ಯಾವ ಕೆಲಸ ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬ ಪಟ್ಟಿ ಗೋಡೆಯ ಮೇಲೆ. ಇಂಜಿನ್ನಿನ ಮೇಲ್ಭಾಗ ಫಿಟ್ಟರನದು, ಡೀಸೆಲ್ ಪಂಪ್ ಮಿಸ್ತ್ರಿಯದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ.

ಇನ್ನೊಂದು ನಿಯಮ ತಾಮ್ರದ ವಾಷರಿನದು. ಲಾರಿಯ ಇಂಜಿನ್ನಿನಲ್ಲಿ ಆರು ಸಿಲಿಂಡರ್. ಪ್ರತಿಯೊಂದರ ನೆತ್ತಿಯಲ್ಲಿ ಡೀಸೆಲ್ ಸಿಂಪಡಿಸುವ ಒಂದು ನೋಝಲ್. ನೋಝಲಿನ ಬುಡಕ್ಕೆ ಒಂದು ತೆಳುವಾದ ತಾಮ್ರದ ಬಳೆ, ಅದೇ ವಾಷರ್. ನೋಝಲ್ ಬಿಚ್ಚಿದಾಗಲೆಲ್ಲ ಅದನ್ನು ಬದಲಿಸಬೇಕು. ಮೊದಲು ಹಳೆಯದನ್ನೇ ಹಾಕಿ, ಹೊಸದನ್ನು ಹೊರಗೆ ಮಾರುತ್ತಿದ್ದರು. ಅದಕ್ಕೆ ನಾನು ಮಾಡಿದ ಕಟ್ಟಳೆ: ಹಳೆಯದು ತಂದು ಒಪ್ಪಿಸಿದರೆ ಮಾತ್ರ ಹೊಸದು. ಆರು ಬೇಕಾದರೆ ಆರು ತರಬೇಕು. ಕಟ್ಟಳೆ ಒಳ್ಳೆಯದೇ. ಅದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ತಪ್ಪು ಬೇರೆ ಕಡೆ ಇತ್ತು.

ಮಿಸ್ತ್ರಿ ವಿಜಾಪುರದ ಕಡೆಯವರು. ನನಗಿಂತ ನಾಲ್ಕೈದು ವರ್ಷ ಹಿರಿಯರು. ಗಿಡ್ಡ ಆಳು, ಖಾಕಿ ಅಂಗಿ, ಎಡಗಿವಿಯ ಬಳಿ ಸದಾ ಒಂದು ಎಣ್ಣೆಯ ಕಲೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಆ ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಗ್ಯಾರೇಜಿನಲ್ಲಿ ಯಾರೂ ಸುತ್ತಿಗೆ ಎತ್ತುತ್ತಿರಲಿಲ್ಲ. ಓದಲು ಬರೆಯಲು ಬರುತ್ತಿತ್ತು, ಆದರೆ ಬರೆಯುತ್ತಿರಲಿಲ್ಲ. ಅವರ ಕೆಲಸದ ಚೀಟಿಯನ್ನು ನಾನೇ ತುಂಬಬೇಕಾಗಿತ್ತು. ನಾನು ಗೊಣಗಿದರೆ ನಗುತ್ತಿದ್ದರು.

"ನೀವು ಮೈಸೂರವ್ರು ಕನ್ನಡಾನೂ ಇಸ್ತ್ರಿ ಮಾಡಿ ಮಾತಾಡ್ತೀರಿ ಸಾಹೇಬ್ರ. ನಾ ಬರದ್ರ ನಿಮ್ಮ ರಿಜಿಸ್ಟರ್ ಸುಕ್ಕಾಗ್ತೈತಿ, ಬಿಡ್ರಿ."

ಒಂದು ಗಂಟೆಗೆ ಊಟ. ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನನಗೆ ಪಾಲಿತ್ತು. ನನ್ನ ಮೊಸರನ್ನ ಕಂಡರೆ, ಇದು ಜ್ವರ ಬಂದವರ ಊಟ ಎಂದು ಹಾಸ್ಯ ಮಾಡುತ್ತಲೇ ಅರ್ಧ ತಿನ್ನುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು.

ಐದನೆಯ ವರ್ಷ ನಮ್ಮ ಮಾಲೀಕರಾದ ಸೇಠ್ ಒಂದು ಹೊಸ ಗೀಳು ಹಚ್ಚಿಕೊಂಡರು. ಪುಣೆಯ ಹಾದಿಯ ಘಾಟಿನಲ್ಲಿ ಬೇರೆ ಕಂಪನಿಯ ಲಾರಿಗಳು ನಮ್ಮವನ್ನು ಹಿಂದೆ ಹಾಕುತ್ತವೆ ಎಂಬ ಕೊರಗು. ಬಿಡಿಭಾಗದ ಬಜಾರಿನಿಂದ ಒಬ್ಬ ಏಜೆಂಟ್ ಬಂದು ದೊಡ್ಡ ತೂತಿನ ನೋಝಲ್‌ಗಳ ಒಂದು ಪೆಟ್ಟಿಗೆ ತೋರಿಸಿದ. ಇವನ್ನು ಹಾಕಿ, ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಟ್ಟರೆ ಗಾಡಿ ಘಾಟನ್ನು ಕುದುರೆಯಂತೆ ಹತ್ತುತ್ತದೆ ಎಂದ. ಈಗಿನವರು ಗಾಡಿಗೆ ಅದೇನೋ ಚಿಪ್ ಹಾಕಿಸಿ ಜೋರು ಮಾಡಿಸುತ್ತಾರಂತೆ. ಆಗ ಚಿಪ್ ಇರಲಿಲ್ಲ, ಆಸೆ ಇದೇ ಇತ್ತು.

ಮಿಸ್ತ್ರಿ ಒಪ್ಪಲಿಲ್ಲ. "ಹೆಚ್ಚಿಗಿ ಬಡಿಸಿದ್ರ ಓಡೂದಿಲ್ರಿ, ತೇಗಿ ಮಲಗತೈತಿ," ಎಂದರು. ಸೇಠ್ ಕೇಳಲಿಲ್ಲ. ಮೊದಲು ಒಂದು ಗಾಡಿಗೆ ಹಾಕಿ ನೋಡುವುದೆಂದು ತೀರ್ಮಾನವಾಯಿತು. ಮಿಸ್ತ್ರಿ ನನ್ನ ಮುಖ ನೋಡಿದರು. ನಾನು ಆದೇಶ ಬರೆದುಕೊಂಡೆ.

ಸೋಮವಾರ ಕೆಲಸ ಹಿಡಿದರು. ಮಿಸ್ತ್ರಿ ಪಂಪನ್ನು ಬಿಚ್ಚಿ ತಮ್ಮ ಟೇಬಲ್ಲಿಗೆ ಏರಿಸಿದರು. ಪಂಪ್ ತಿರುಗಿಸಿದರೆ ಆರು ಸಿಲಿಂಡರಿಗೆ ಹೋಗುವ ಡೀಸೆಲ್ ಆರು ಗಾಜಿನ ಕೊಳವೆಗಳಲ್ಲಿ ತುಂಬುತ್ತದೆ. ಯಾವುದಕ್ಕೆ ಎಷ್ಟು ಎಂದು ಕಣ್ಣಿಗೆ ಕಾಣುತ್ತದೆ. ಹೊಂದಿಸಿ ಮುಗಿಸಿ ನನ್ನನ್ನು ಕರೆದರು. ಆರೂ ಒಂದೇ ಮಟ್ಟ, ಕೂದಲೆಳೆಯ ವ್ಯತ್ಯಾಸವಿಲ್ಲ.

"ಆರು ಮಂದಿ ಅಣ್ಣ ತಮ್ಮಂದಿರಿಗೆ ಸಮ ಪಾಲು ಮಾಡೀನ್ರಿ. ನಾಳೆ ಜಗಳ ಬಂದ್ರ ನನ್ನ ಕರೀಬ್ಯಾಡ್ರಿ," ಎಂದರು.

ನಾನು ಕಣ್ಣಾರೆ ನೋಡಿದೆ. ಬರೆದುಕೊಳ್ಳಲಿಲ್ಲ. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಅದೇ ದಿನ ಹನ್ನೊಂದು ಗಂಟೆಗೆ ಫಿಟ್ಟರ್ ನಾನು ಕೂರುತ್ತಿದ್ದ ಸ್ಟೋರಿನ ಕಿಟಕಿಗೆ ಬಂದ. ಹಳೆಯ ನೋಝಲ್‌ಗಳನ್ನು ಬಿಚ್ಚಿಯಾಗಿತ್ತು, ಹೊಸ ವಾಷರ್ ಬೇಕಿತ್ತು. ಹಳೆಯವು ಐದು ತಂದಿದ್ದ. ಆರನೆಯದು ಎಲ್ಲಿ ಎಂದೆ. ಸಿಗಲಿಲ್ಲ ಎಂದ. ಆರು ತಾ, ಆಮೇಲೆ ಮಾತಾಡು ಎಂದು ಕಳಿಸಿದೆ. ಎರಡು ನಿಮಿಷದಲ್ಲಿ ಮರಳಿ ಬಂದು, "ಸಾಬ್, ಪೂರೆ ಛೇ," ಪೂರ್ತಿ ಆರು ಎಂದು, ಅವನ್ನು ಕಿಟಕಿಯ ಹಲಗೆಯ ಮೇಲೆ ಸಾಲಾಗಿಟ್ಟ. ಐದು ಮಸಿ ಹಿಡಿದು ಕಪ್ಪಾಗಿದ್ದವು. ಆರನೆಯದು ಹಸಿರು ಕಿಲುಬು ಹಿಡಿದಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ನಿಜ ಹೇಳಬೇಕು, ಬಿತ್ತು. ಆದರೆ ನಾನು ಎಣಿಸುತ್ತಿದ್ದೆ, ನೋಡುತ್ತಿರಲಿಲ್ಲ. ಹಳೆಯದು ಆರು, ಹೊಸದು ಆರು ಎಂದು ಬರೆದು ಸಹಿ ಮಾಡಿದೆ.

ಮರುದಿನದಿಂದಲೇ ಇಂಜಿನ್ ನಡುಗುತ್ತದೆಂದು ಡ್ರೈವರ್ ದೂರಿದ. ಹೊಸ ನೋಝಲ್ ಕೂತುಕೊಳ್ಳುವವರೆಗೆ ಹಾಗೇ ಎಂದು ಏಜೆಂಟ್ ಸಮಾಧಾನ ಹೇಳಿದ. ಶುಕ್ರವಾರ ಆ ಗಾಡಿ ಪುಣೆಗೆ ಹೊರಡಬೇಕು. ಮಾಲು ತುಂಬಿ ಗೇಟಿನೊಳಗೆ ನಿಂತಿತ್ತು. ಹನ್ನೊಂದೂವರೆಗೆ ಬಿಡಬೇಕೆಂದು ಸೇಠ್ ಹೇಳಿಕಳಿಸಿದ್ದರು.

ಯಾರೂ ಕರೆಯದೆ ಮಿಸ್ತ್ರಿಯೇ ಬಂದು ಬಾನೆಟ್ ಎತ್ತಿಸಿದರು. ಇಂಜಿನ್ ಓಡುತ್ತಿರುವಾಗಲೇ ನೋಝಲಿಗೆ ಹೋಗುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತ, ಬಿಗಿಯುತ್ತ ಹೋದರು. ಸಡಿಲಿಸಿದಾಗ ಆ ಸಿಲಿಂಡರಿಗೆ ಡೀಸೆಲ್ ತಪ್ಪಿ ಇಂಜಿನ್ನಿನ ದನಿ ಕುಗ್ಗಬೇಕು. ಒಂದನೆಯದಕ್ಕೆ ಕುಗ್ಗಿತು. ಎರಡಕ್ಕೆ ಕುಗ್ಗಿತು, ಮೂರಕ್ಕೂ ಕುಗ್ಗಿತು. ನಾಲ್ಕನೆಯದನ್ನು ಸಡಿಲಿಸಿದರು. ಡೀಸೆಲ್ ಚಿಮ್ಮಿತು, ದನಿ ಬದಲಾಗಲಿಲ್ಲ.

"ನಾಕನೇದು ಸತ್ತೈತ್ರಿ ಸಾಹೇಬ್ರ. ಡೀಸೆಲ್ ಬರ್ತೈತಿ, ಉರಿಯವಲ್ದು. ನೋಝಲ್ ಕೆಳಗ ಏನೋ ಕುಂತೈತಿ. ಬಿಚ್ಚಿಸಿ ನೋಡ್ರಿ."

"ನೋಝಲ್ ಸೋಮವಾರ ತಾನೇ ಹೊಸದು ಹಾಕಿದೆ ಮಿಸ್ತ್ರಿ. ವಾಷರ್ ಸಮೇತ. ಬರೆದಿದೆ."

"ಬರದದ್ದು ಇರ್ಲಿರಿ. ಒಂದು ವಾಷರ್ ಕೊಡ್ರಿ, ಅರ್ಧ ತಾಸಿನ ಕೆಲಸ. ಹೊಸಾದು ಬ್ಯಾಡಂದ್ರ ಹಳೇದನ್ನ ಕೆಂಪಗ ಕಾಸಿ, ನೀರಾಗ ಅದ್ದಿ, ಮೆತ್ತಗ ಮಾಡಿ ಹಾಕಸ್ತೀನಿ."

ಹಳೆಯದನ್ನು ಮತ್ತೆ ಹಾಕುವುದು ನನ್ನ ಗೋಡೆಯ ಪಟ್ಟಿಯ ಪ್ರಕಾರ ಅಪರಾಧ. ಮೇಲಾಗಿ ನೋಝಲ್ ಅವರ ಕೆಲಸವೇ ಅಲ್ಲ. ನಾನು ರಿಜಿಸ್ಟರ್ ತರಿಸಿ, ಸೋಮವಾರದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಆರು ಬಂದಿವೆ, ಆರು ಹೋಗಿವೆ. ಅವರು ಬಗ್ಗಿ ಓದಿದರು.

"ಹಂಗಾರ ನನ್ನ ಕಿವಿ ಸುಳ್ಳು ಹೇಳ್ತೈತೇನ್ರಿ?"

ನಾನು ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತು. "ಗಾಡಿ ವಾಪಸ್ ಬರಲಿ, ನಿಮ್ಮ ಪಂಪನ್ನೇ ಇನ್ನೊಮ್ಮೆ ನೋಡಿ," ಎಂದೆ. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಾನೆಟ್ ಇಳಿಸಿದರು. ಹನ್ನೊಂದೂವರೆಗೆ ಸರಿಯಾಗಿ ಗಾಡಿ ಬಿಟ್ಟೆ.

ಮಧ್ಯಾಹ್ನ ಘಾಟಿನ ಅರ್ಧದಲ್ಲಿ ಇಂಜಿನ್ ಕಚ್ಚಿ ನಿಂತಿತು. ಆಮೇಲೆ ತಿಳಿಯಿತು, ನಾಲ್ಕನೆಯ ಸಿಲಿಂಡರಿನಲ್ಲಿ ಉರಿಯದೆ ಉಳಿದ ಡೀಸೆಲ್ ಒಳಗೋಡೆಯ ಎಣ್ಣೆಯನ್ನು ತೊಳೆದುಹಾಕಿತ್ತು. ಎಣ್ಣೆಯಿಲ್ಲದ ಪಿಸ್ಟನ್ ಗೋಡೆಗೆ ಅಂಟಿಕೊಂಡಿತ್ತು. ಗಾಡಿಯನ್ನು ಎಳೆದು ತರಬೇಕಾಯಿತು. ಶನಿವಾರ ಬೆಳಗ್ಗೆ ಸೇಠ್ ನನ್ನನ್ನು ಕರೆದು, ತಪ್ಪು ಯಾರದೆಂದು ಒಂದು ಪುಟದಲ್ಲಿ ಬರೆದುಕೊಡಿ ಎಂದರು.

ಬರೆದುಕೊಟ್ಟೆ. ಸೋಮವಾರ ಆ ಇಂಜಿನ್ನಿನಲ್ಲಿ ಮುಟ್ಟಿದ್ದು ಎರಡು, ನೋಝಲ್ ಮತ್ತು ಪಂಪ್. ನೋಝಲಿನ ಕೆಲಸಕ್ಕೆ ಕಾಗದದ ಮೇಲೆ ಪೂರ್ತಿ ಸಾಕ್ಷಿ ಇತ್ತು, ಪಂಪಿನದಕ್ಕೆ ಇರಲಿಲ್ಲ. ಆದ್ದರಿಂದ ಪಂಪ್. ಆರು ಗಾಜಿನ ಕೊಳವೆಗಳು ಆಗ ನೆನಪಿಗೆ ಬರಲಿಲ್ಲವೆಂದು ಹೇಳಲಾರೆ. ಬಂದವು. ಎಲ್ಲಿಯೂ ದಾಖಲಾಗದ್ದನ್ನು ವರದಿಯಲ್ಲಿ ಸೇರಿಸುವುದು ಸರಿಯಲ್ಲ ಎಂದುಕೊಂಡೆ... ಅಷ್ಟೇ.

ಹನ್ನೆರಡರೊಳಗೆ ಮಿಸ್ತ್ರಿಯನ್ನು ಕೆಲಸದಿಂದ ತೆಗೆದಾಗಿತ್ತು. ಅವರು ಜಗಳವಾಡಲಿಲ್ಲ. ಕಂಪನಿಯ ಪಾನಾಗಳನ್ನೆಲ್ಲ ಒರೆಸಿ, ಹಲಗೆಯ ಮೇಲೆ ಆಯಾ ಗೆರೆಯೊಳಗೆ ತೂಗುಹಾಕಿ, "ನೋಡ್ಕೊಳ್ರಿ, ಎಲ್ಲಾ ಅದಾವು," ಎಂದರು. ಸ್ವಂತದ್ದಾಗಿದ್ದ ಆ ಉದ್ದನೆಯ ಸ್ಕ್ರೂಡ್ರೈವರ್ ಮಾತ್ರ ತೆಗೆದುಕೊಂಡು ಹೋದರು.

ಹತ್ತು ದಿನದ ನಂತರ ಆ ಇಂಜಿನ್ನಿನ ಮೇಲ್ಭಾಗ ಬಿಚ್ಚಿದರು. ನಾಲ್ಕನೆಯ ನೋಝಲ್ ಕೂರುವ ಕುಳಿಯಲ್ಲಿ ವಾಷರ್ ಎರಡಿದ್ದವು. ಮೇಲೆ ನಾನು ಕೊಟ್ಟ ಹೊಸದು. ಅದರ ಕೆಳಗೆ, ಕುಳಿಯ ತಳಕ್ಕೆ ಅಂಟಿಕೊಂಡು, ಹಳೆಯದು. ನೋಝಲ್ ತನ್ನ ಜಾಗದಿಂದ ಅಷ್ಟು ಮೇಲೆ ಕೂತು, ಡೀಸೆಲ್ ಬೀಳಬೇಕಾದಲ್ಲಿ ಬೀಳದೆ ಹೋಗಿತ್ತು. ಫಿಟ್ಟರನನ್ನು ಕರೆಸಿದೆ. ಅವನು ಮುಚ್ಚಿಡಲಿಲ್ಲ. "ಐದೇ ಸಿಕ್ಕವು, ಇನ್ನೊಂದು ಎಲ್ಲೋ ಬಿದ್ದಿರಬೇಕು ಎಂದುಕೊಂಡೆ. ಆರು ತರದಿದ್ದರೆ ಹೊಸದು ಕೊಡುವುದಿಲ್ಲ ಅಂದಿರಿ. ಮೂಲೆಯ ಗುಜರಿ ಡಬ್ಬದಿಂದ ಒಂದನ್ನು ಹೆಕ್ಕಿ ತಂದೆ," ಎಂದ. ಐದು ತಂದಾಗ ಅವನು ನನಗೆ ಸತ್ಯವನ್ನೇ ತಂದಿದ್ದ. ಲೆಕ್ಕ ಸರಿಯಿಲ್ಲವೆಂದು ಅದನ್ನು ಹಿಂದಕ್ಕೆ ಕಳಿಸಿದವನು ನಾನು.

ಸೇಠ್‌ಗೆ ಹೇಳಿದೆ. ಹೋದವರು ಹೋದರು, ಬೇರೆಯವರು ಬಂದಾಯಿತು, ಬಿಡಿ ಎಂದರು.

ಭಾನುವಾರ ಆಂಟಾಪ್ ಹಿಲ್ಲಿಗೆ ಹೋಗಿ ಮಿಸ್ತ್ರಿಯ ಚಾಳ್ ಹುಡುಕಿದೆ. ಒಂದೇ ಕೋಣೆ, ಅಲ್ಲಿಯವರ ಮಾತಿನಲ್ಲಿ 'ಖೋಲಿ'. ಅವರೂ ಅವರ ಹೆಂಡತಿಯೂ ಇದ್ದರು. "ಬರ್ರಿ ಸಾಹೇಬ್ರ, ಕುಂಡ್ರಿ," ಎಂದು ಇದ್ದ ಒಂದು ಸ್ಟೂಲನ್ನು ನನಗೆ ಕೊಟ್ಟರು. ನಿಂತುಕೊಂಡೇ ಹೇಳಿದೆ, ನಾಲ್ಕನೆಯದರಲ್ಲಿ ಎರಡು ವಾಷರ್ ಇದ್ದವು ಎಂದು. ಅವರ ಮುಖ ಅರಳಿತು. ನಾನು ಸಿಟ್ಟಿಗೆ ತಯಾರಾಗಿ ಹೋಗಿದ್ದೆ, ಇದಕ್ಕಲ್ಲ.

"ಎರಡಿದ್ವಾ! ನಾ ಕಸಾ ಕಚರಾ ಕುಂತಿರ್ಬೇಕು ಅಂದ್ಕೊಂಡಿದ್ನಿ... ಎರಡಂತ ನೋಡ!" ಎಂದು ಹೆಂಡತಿಗೆ ಹೇಳಿದರು. ಅವರಾಕೆ ನಗಲಿಲ್ಲ.

"ಖರೆ ಗೊತ್ತಾಗಿ ಏನ್ ಬಂತ್ರಿ ಯಪ್ಪಾ? ಘಾಟದಾಗ ಇಂಜಿನ್ ಕೆಡಿಸಿದಾಂವ ಅಂತ ಯಾ ಗ್ಯಾರೇಜಿನ್ಯಾಗೂ ನಿಂದರಸವಲ್ರು," ಎಂದರು ಆಕೆ. ನನ್ನ ವರದಿಯನ್ನು ಸೇಠ್ ಅಕ್ಕಪಕ್ಕದ ಮಾಲೀಕರಿಗೆಲ್ಲ ಓದಿ ಹೇಳಿದ್ದರಂತೆ.

ಮಿಸ್ತ್ರಿ ಕೆಲಸ ವಾಪಸ್ ಕೇಳಲಿಲ್ಲ. "ಪಂಪಿಂದು ತಪ್ಪಿಲ್ಲ ಅಂತ ಒಂದು ಚೀಟಿ ಬರದು ಕೊಡ್ರಿ ಸಾಹೇಬ್ರ. ಅಷ್ಟ ಸಾಕು," ಎಂದರು. ಅವರ ಹೆಂಡತಿ ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು, ಹಿಂಬದಿ ಖಾಲಿಯಿದ್ದದ್ದನ್ನು ನನ್ನ ಮುಂದೆ ಹಿಡಿದರು. ನನ್ನ ಜೇಬಿನಲ್ಲಿ ಪೆನ್ನಿತ್ತು.

"ಇದರ ಮೇಲೆ ಬೇಡಮ್ಮ," ಎಂದೆ. "ಕಂಪನಿಯ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಸಿ, ಸೇಠ್ ಸಹಿ ಹಾಕಿಸಿ ತರ್ತೀನಿ. ಅದಕ್ಕೆ ಬೆಲೆ ಇರುತ್ತೆ."

"ಸೇಠಂದು ಯಾಕ್ರಿ? ಈ ಗುಡ್ಡದಾಗ ನಿಮ್ಮ ಅಕ್ಷರ ಎಲ್ಲಾರಿಗೂ ಗೊತ್ತೈತಿ."

ಮುಂದಿನ ಭಾನುವಾರ ತರುತ್ತೇನೆಂದು ಹೊರಟೆ. ಆಕೆ ಆ ಹಾಳೆಯನ್ನು ಮಡಿಚಿ ಡಬ್ಬಿಯ ಕೆಳಗೆ ಇಟ್ಟುಕೊಂಡದ್ದು ಬಾಗಿಲಲ್ಲಿ ತಿರುಗಿದಾಗ ಕಂಡಿತು.

ಸೇಠ್ ಸಹಿ ಹಾಕಲಿಲ್ಲ. ಇಲ್ಲ ಎನ್ನಲೂ ಇಲ್ಲ. ಇಂದು ನಾಳೆ ಎಂದರು. ನಾನು ಪ್ರತಿ ಸೋಮವಾರ ಆ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ, ಪ್ರತಿ ಶನಿವಾರ ಹಾಗೇ ಎತ್ತಿಕೊಂಡೆ. ಖಾಲಿ ಕೈಯಲ್ಲಿ ಹೇಗೆ ಹೋಗುವುದೆಂದು ಚಾಳಿನ ಕಡೆ ಹೋಗಲಿಲ್ಲ. ಏಳು ವಾರವಾಯಿತು. ಕೊನೆಗೆ ನನ್ನ ಕೈಯಲ್ಲೇ ಬರೆದು, ನನ್ನ ಸಹಿ ಹಾಕಿ ಒಯ್ದೆ. ಆ ಖೋಲಿಯಲ್ಲಿ ಬೇರೆ ಸಂಸಾರವಿತ್ತು. ಬೊರಿವಲಿಯ ಆಚೆ ಯಾವುದೋ ಕಲ್ಲಿನ ಖಣಿಯಲ್ಲಿ ಕೆಲಸ ಸಿಕ್ಕಿದೆಯಂತೆ ಎಂದರು ಪಕ್ಕದವರು. ಎರಡು ಭಾನುವಾರ ಬೊರಿವಲಿಗೆ ಹೋಗಿ ವಿಚಾರಿಸಿದೆ. ಸಿಗಲಿಲ್ಲ.

ಇದಾಗಿ ಮೂರ್ನಾಲ್ಕು ವರ್ಷದ ನಂತರ ಒಮ್ಮೆ ನಮ್ಮ ಹಳೆಯ ಡ್ರೈವರೊಬ್ಬ ದಾದರ್ ಸ್ಟೇಷನ್ನಿನಲ್ಲಿ ಸಿಕ್ಕಿದ. ಮಿಸ್ತ್ರಿಯನ್ನು ಕಂಡಿದ್ದೆ ಎಂದ. ಖಣಿಯಲ್ಲಿ ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕದಲ್ಲೇ ಇಡೀ ದಿನದ ಕೆಲಸವಂತೆ. ಮಾತಾಡಿಸಿದರೆ ಕೇಳಿಸಲಿಲ್ಲವಂತೆ, ಎರಡು ಸಲ ಕೂಗಬೇಕಾಯಿತಂತೆ. "ಕಿವಿ ಹೋಗಿದೆ ಸಾಹೇಬ್," ಎಂದ ಅವನು. ಗಾಡಿ ಬಂತು. ಅವನು ಹತ್ತಿದ. ನಾನು ಹತ್ತಬೇಕಾದದ್ದೂ ಅದೇ ಲೋಕಲ್... ಹತ್ತಲಿಲ್ಲ. ಖಣಿ ಯಾವುದೆಂದು ಕೇಳಬೇಕೆಂದು ಹೊಳೆಯುವಷ್ಟರಲ್ಲಿ ಅದು ಹೊರಟುಹೋಗಿತ್ತು. ಆಮೇಲೆ ಅವರ ಸುದ್ದಿ ನನಗೆ ತಲುಪಲಿಲ್ಲ. ನನಗೀಗ ಎಂಬತ್ತು ದಾಟಿದೆ. ಅವರು ನನಗಿಂತ ಹಿರಿಯರು.

ಮಂಗಳವಾರ ಟ್ಯಾಂಕರ್ ಖಾಲಿಯಾಗಲು ಅರ್ಧ ಗಂಟೆ ಹಿಡಿಯಿತು. ಪೈಪು ಸುತ್ತಿಟ್ಟು ಡ್ರೈವರ್ ನನ್ನ ಬಳಿ ಬಂದು ತಲೆ ಕೆರೆದುಕೊಂಡ. ಇಂದು ಎಲ್ಲ ಕಡೆಗೂ ತಡವಾಗುತ್ತಿದೆ, ಗಾಡಿ ಕೆಟ್ಟಿದೆಯೆಂದರೆ ಮಾಲೀಕ ನಂಬುವುದಿಲ್ಲ, ನೀನೇ ಕೆಡಿಸಿದೆ ಎನ್ನುತ್ತಾನೆ ಎಂದ. "ಅಂಕಲ್, ಆಪ್ ದೋ ಲೈನ್ ಲಿಖ್ ದೋ ನಾ," ಎರಡು ಸಾಲು ಬರೆದುಕೊಡಿ ಎಂದು ಕೇಳಿಕೊಂಡ.

ಅವನ ಕೈಯಲ್ಲಿದ್ದ ಚಲನ್ ತೆಗೆದುಕೊಂಡು, ಲಾರಿಯ ಮಡ್‌ಗಾರ್ಡಿನ ಮೇಲಿಟ್ಟು, ಹಿಂಬದಿಯಲ್ಲಿ ಹಿಂದಿಯಲ್ಲಿ ಬರೆದೆ: ಗಾಡಿ ಬಂದಾಗಲೇ ಒಂದು ಸಿಲಿಂಡರ್ ಉರಿಯುತ್ತಿರಲಿಲ್ಲ, ಡ್ರೈವರನ ತಪ್ಪಿಲ್ಲ, ನಾನು ಸ್ವತಃ ನೋಡಿದ್ದೇನೆ. ಕೆಳಗೆ ಸಹಿ, ವೇಳೆ. ಎಲ್ಲ ಸೇರಿ ಎರಡು ನಿಮಿಷ. ನಡುವೆ ಒಮ್ಮೆ ಕೈ ನಿಂತಿತು. ಡ್ರೈವರ್ ಪೆನ್ನು ಮುಗಿಯಿತೇ ಎಂದು ಕೇಳಿದ.

ಯಾರಾದರೂ ಒಳ್ಳೆಯ ಮಿಸ್ತ್ರಿ ಗೊತ್ತಿದ್ದಾರೆಯೇ ಎಂದೂ ಕೇಳಿದ. ಇದ್ದರು ಎಂದೆ.

ಲಾರಿ ಎಡವುತ್ತಲೇ ಗೇಟು ದಾಟಿತು. ಯಾವ ಸಿಲಿಂಡರ್ ಇರಬಹುದೆಂದು ತಿರುವಿನವರೆಗೂ ಕಿವಿಗೊಟ್ಟು ನಿಂತೆ. ತಿಳಿಯಲಿಲ್ಲ. ವಾಚ್‌ಮನ್ ನೆಲದಡಿಯ ನೀರಿನ ಟಾಕಿಯ ಮುಚ್ಚಳ ಎಳೆದ, ನಾನು ಬೀಗ ಹಾಕಿದೆ. ಒಂದು ಟ್ಯಾಂಕರ್, ಏಳು ಐವತ್ತೈದು ಎಂದು ಸೊಸೈಟಿಯ ಪುಸ್ತಕದಲ್ಲಿ ಬರೆದು ಮುಚ್ಚಿದೆ.